ಆರೋಗ್ಯದ ಅಂಕಿಅಂಶ: ನೋಡುವ ಕಣ್ಣು, ಮಾಡುವ ಕೈ (ಪದೇ ಪದೇ ಕೇಳುವ ಪ್ರಶ್ನೆಗಳು)

ಆರೋಗ್ಯ ಇಲಾಖೆಯಲ್ಲಿ ದುಡಿಯುವವರು, ಸಾರ್ವಜನಿಕ ಆರೋಗ್ಯ ಓದುತ್ತಿರುವವರು, ಆ್ಯಪ್ ಮತ್ತು ಡ್ಯಾಶ್‌ಬೋರ್ಡ್ (ಅಂಕಿಅಂಶವನ್ನು ಒಂದೇ ತೆರೆಯಲ್ಲಿ ಚಿತ್ರವಾಗಿ ತೋರಿಸುವ ಪುಟ) ಕಟ್ಟುವ ಸಾಫ್ಟ್‌ವೇರ್‌ನವರು ನನ್ನನ್ನು ವರ್ಷಗಳಿಂದ ಕೇಳುತ್ತ ಬಂದಿರುವ ಪ್ರಶ್ನೆಗಳಿವು. ಜಗತ್ತಿನ ಬೇರೆ ಬೇರೆ ಕಡೆ ನಡೆದ ಕೆಲಸವನ್ನು ಮುಂದಿಟ್ಟುಕೊಂಡು ಉತ್ತರಿಸಿದ್ದೇನೆ. ನಮ್ಮ ರಾಜ್ಯದ ಮಾತು ಬರಬೇಕಾದ ಕಡೆ ಬಂದಿದೆ.

ಮಾನವ ಕೇಂದ್ರಿತ ವಿನ್ಯಾಸ ಎಂದರೆ ಏನು?

ಒಂದು ವಸ್ತುವನ್ನೋ ವ್ಯವಸ್ಥೆಯನ್ನೋ ರೂಪಿಸುವಾಗ ಅದನ್ನು ಬಳಸುವವರ ಕೆಲಸ, ಜಾಗ, ಹೊತ್ತು, ಅಡಚಣೆಗಳಿಂದ ಶುರು ಮಾಡುವುದು. ಮಾದರಿಯೊಂದನ್ನು ಮಾಡಿ ಅವರ ಕೈಗೇ ಕೊಟ್ಟು, ಎಲ್ಲಿ ಎಡವುತ್ತಾರೆ ನೋಡಿ, ತಿದ್ದಿ, ಮತ್ತೆ ಕೊಡುವುದು. ಇದಕ್ಕೆ ಐಎಸ್‌ಒ 9241-210 ಎಂಬ ಅಂತರರಾಷ್ಟ್ರೀಯ ಮಾನಕವಿದೆ. 2010ರಲ್ಲಿ ಬಂತು, 2019ರಲ್ಲಿ ಪರಿಷ್ಕರಣೆಯಾಯಿತು.

ಆರೋಗ್ಯದ ಅಂಕಿಅಂಶದ ಮಟ್ಟಿಗೆ ನಾನು ಇದನ್ನೆಲ್ಲ ಒಂದೇ ಪ್ರಶ್ನೆಗೆ ಇಳಿಸಿಕೊಂಡಿದ್ದೇನೆ: ಈ ಚಿತ್ರ ನೋಡಿದ ಮೇಲೆ ಯಾರು, ಯಾವಾಗ, ಏನು ಮಾಡಬೇಕು? ಅದಕ್ಕೆ ಉತ್ತರ ಸಿಗುವ ತನಕ ಗ್ರಾಫ್ ಬಿಡಿಸಲು ಕೂರುವುದಿಲ್ಲ.

ಒಳ್ಳೆಯ ಉದಾಹರಣೆ ಒಂದನ್ನು ಹೇಳಿ ಎಂದರೆ ಯಾವುದನ್ನು ಹೇಳುತ್ತೀರಿ?

ಲಸಿಕೆ ಬಾಟಲಿಯ ಮೇಲಿನ ಚುಕ್ಕೆಯನ್ನು. ಪಲ್ಸ್ ಪೋಲಿಯೊ ಬೂತಿನಲ್ಲಿ ಕೆಲಸ ಮಾಡಿದವರೆಲ್ಲ ಅದನ್ನು ನೋಡಿರುತ್ತಾರೆ. ಬಣ್ಣದ ಒಂದು ವೃತ್ತ, ಅದರೊಳಗೆ ತಿಳಿಬಣ್ಣದ ಒಂದು ಚೌಕ. ಬಾಟಲಿಗೆ ಶಾಖ ತಗುಲಿದಷ್ಟೂ ಚೌಕ ಕಪ್ಪಾಗುತ್ತ ಹೋಗುತ್ತದೆ. ಚೌಕ ವೃತ್ತಕ್ಕಿಂತ ತಿಳಿಯಾಗಿದ್ದರೆ ಲಸಿಕೆ ಹಾಕಬಹುದು. ಎರಡೂ ಒಂದೇ ಬಣ್ಣಕ್ಕೆ ಬಂದರೆ, ಅಥವಾ ಚೌಕವೇ ಕಪ್ಪಾದರೆ, ಬಾಟಲಿಯನ್ನು ಬಳಸುವಂತಿಲ್ಲ. 1996ರಲ್ಲಿ ಬಾಯಿ ಹನಿ ಪೋಲಿಯೊ ಲಸಿಕೆಯ ಮೇಲೆ ಇದು ಮೊದಲು ಬಂತು.

ಇದರ ಹಿಂದಿರುವ ಲೆಕ್ಕ ಸಣ್ಣದಲ್ಲ. ಎಷ್ಟು ಬಿಸಿ, ಎಷ್ಟು ಹೊತ್ತು ಎಂಬೆರಡೂ ಕೂಡಿ ಲಸಿಕೆಯ ಶಕ್ತಿ ಕುಂದುತ್ತದೆ. ಕಾರ್ಖಾನೆಯಿಂದ ವಿಮಾನ, ಜಿಲ್ಲಾ ಉಗ್ರಾಣ, ಪ್ರಾಥಮಿಕ ಆರೋಗ್ಯ ಕೇಂದ್ರದ (ಪಿಎಚ್‌ಸಿ) ಐಎಲ್‌ಆರ್ ಎಂಬ ಶೀತಕ ಪೆಟ್ಟಿಗೆ, ಕೊನೆಗೆ ಹೆಗಲಿಗೆ ನೇತುಹಾಕಿದ ಲಸಿಕೆ ಕ್ಯಾರಿಯರ್ ತನಕ ನಡೆದದ್ದನ್ನೆಲ್ಲ ಆ ಚುಕ್ಕೆ ತನ್ನಷ್ಟಕ್ಕೆ ಕೂಡಿಸಿಟ್ಟುಕೊಂಡಿರುತ್ತದೆ. ಬೂತಿನಲ್ಲಿರುವವರು ಲೆಕ್ಕ ಮಾಡಬೇಕಿಲ್ಲ, ಬರೆದಿಡಬೇಕಿಲ್ಲ, ಓದಲು ಬರಬೇಕೆಂದೂ ಇಲ್ಲ. ಹಾಕಬೇಕೇ, ಬಿಡಬೇಕೇ ಎಂಬುದು ಕಣ್ಣೆದುರಿಗೇ ಇದೆ.

ಅದಕ್ಕೆ ಗೊತ್ತಾಗದ ಸಂಗತಿಯೂ ಒಂದಿದೆ. ಪೆಂಟಾವಲೆಂಟ್‌ನಂಥ (ಐದು ರೋಗಗಳಿಗೆ ಒಂದೇ ಲಸಿಕೆ) ಕೆಲವು ಲಸಿಕೆಗಳು ಹೆಪ್ಪುಗಟ್ಟಿದರೆ ಕೆಡುತ್ತವೆ, ಅದನ್ನು ಈ ಚುಕ್ಕೆ ತೋರಿಸುವುದಿಲ್ಲ. ಅದಕ್ಕೆ ಬಾಟಲಿ ಅಲುಗಾಡಿಸಿ ನೋಡುವ ಬೇರೆ ಪರೀಕ್ಷೆ ಇದೆ. ಯಾವುದೇ ಚಿತ್ರವಾದರೂ ತಾನು ಏನನ್ನು ತೋರಿಸಲಾರದು ಎಂಬುದನ್ನು ಬಳಸುವವರಿಗೆ ಕಲಿಸಿಕೊಡಬೇಕು. ತರಬೇತಿಯಲ್ಲಿ ನಾವು ಹೆಚ್ಚಾಗಿ ಬಿಟ್ಟುಬಿಡುವುದು ಅದನ್ನೇ.

ಜಾನ್ ಸ್ನೋ ನಕ್ಷೆ ಬಿಡಿಸಿ ಕಾಲರಾ ನಿಲ್ಲಿಸಿದ ಎನ್ನುತ್ತಾರಲ್ಲ, ಅದು ನಿಜವೇ?

ಹೆಚ್ಚಿನ ಪಾಠಗಳು ಇಲ್ಲಿಂದಲೇ ಶುರುವಾಗುತ್ತವೆ, ಹಾಗಾಗಿ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ. 1854ರ ಆಗಸ್ಟ್ ಕೊನೆಗೆ ಲಂಡನ್ನಿನ ಸೋಹೊ ಬಡಾವಣೆಯಲ್ಲಿ ಕಾಲರಾ ಸ್ಫೋಟಿಸಿತು. ಅಲ್ಲಿನ ವೈದ್ಯ ಸ್ನೋ ಸತ್ತವರ ಪಟ್ಟಿ ಹಿಡಿದು ಮನೆ ಮನೆ ಅಲೆದರು. ಸೆಪ್ಟೆಂಬರ್ 7ರ ಸಂಜೆ ಸ್ಥಳೀಯ ಆಡಳಿತ ಮಂಡಳಿಯ ಮುಂದೆ ಹೋಗಿ ಬ್ರಾಡ್ ಸ್ಟ್ರೀಟಿನ ಪಂಪಿನ ಮೇಲಿನ ತಮ್ಮ ಸಂಶಯ ಹೇಳಿದರು. ಮರುದಿನ ಪಂಪಿನ ಹಿಡಿಕೆ ಕಳಚಲಾಯಿತು. ಆ ಹೊತ್ತಿಗೆ ರೋಗ ಇಳಿಮುಖವಾಗಿತ್ತು, ಜನ ಊರು ಬಿಟ್ಟಿದ್ದರು. ಸಾವುಗಳನ್ನು ಮನೆವಾರು ಗುರುತಿಸಿದ ಪ್ರಸಿದ್ಧವಾದ ಆ ನಕ್ಷೆಯನ್ನು ಅವರು ವೈದ್ಯರ ಸಭೆಯಲ್ಲಿ ತೋರಿಸಿದ್ದು ಡಿಸೆಂಬರಿನಲ್ಲಿ. ಎಂದರೆ ಹಿಡಿಕೆ ಕಳಚಿಸಿದ್ದು ನಕ್ಷೆಯಲ್ಲ.

ಹಾಗೆಂದು ಅದರ ಬೆಲೆ ಕಡಿಮೆಯಾಗುವುದಿಲ್ಲ. ನನಗೆ ಆ ಕೆಲಸದಲ್ಲಿ ಎಲ್ಲಕ್ಕಿಂತ ಮುಖ್ಯವಾಗಿ ಕಾಣುವುದು ಸಾವಿನ ಗುರುತು ಇಲ್ಲದ ಜಾಗಗಳು. ಪಂಪಿಗೆ ಹತ್ತಿರದಲ್ಲೇ ಇದ್ದ ಬಿಯರ್ ಕಾರ್ಖಾನೆಯ ಕೆಲಸಗಾರರು ಸಾಯಲಿಲ್ಲ. ಅಲ್ಲಿಗೇ ಹೋಗಿ ವಿಚಾರಿಸಿದಾಗ ಗೊತ್ತಾಯಿತು, ಅವರು ಬಿಯರ್ ಕುಡಿಯುತ್ತಿದ್ದರು, ಒಳಗೆ ಅವರದೇ ಬಾವಿಯೂ ಇತ್ತು. ಪಕ್ಕದ ಬಡವರ ದುಡಿಮೆಮನೆಯಲ್ಲಿ 535 ಜನರಲ್ಲಿ ಸತ್ತವರು 5 ಮಂದಿ. ಅಲ್ಲೂ ಬೇರೆ ನೀರು. ಇನ್ನೊಂದು ಕಡೆ, ದೂರದ ಹ್ಯಾಂಪ್‌ಸ್ಟೆಡ್‌ನಲ್ಲಿದ್ದ ಒಬ್ಬ ವಿಧವೆ ಬ್ರಾಡ್ ಸ್ಟ್ರೀಟಿನ ನೀರಿನ ರುಚಿಗೆ ಒಗ್ಗಿ ಅದನ್ನೇ ಗಾಡಿಯಲ್ಲಿ ತರಿಸಿಕೊಳ್ಳುತ್ತಿದ್ದರು, ಆಕೆಯೂ ತೀರಿಕೊಂಡರು. ಇವೆಲ್ಲ ಕಾಲ್ನಡಿಗೆಯಿಂದ, ಮಾತುಕತೆಯಿಂದ ಸಿಕ್ಕ ವಿವರ. ಮೊದಲು ಸ್ನೋ ಮಾತನ್ನು ನಂಬದಿದ್ದ ಅಲ್ಲಿನ ಪಾದ್ರಿ ಹೆನ್ರಿ ವೈಟ್‌ಹೆಡ್ ತಾವೇ ಮನೆಗಳನ್ನು ಸುತ್ತಿ, ಕೊನೆಗೆ ಸ್ನೋ ಪರವಾಗಿ ನಿಂತರು. ಆ ಊರಿನ ಜನರನ್ನು ಹೆಸರಿನಿಂದ ಬಲ್ಲವರಾಗಿದ್ದುದು ಅವರಿಗೆ ನೆರವಾಯಿತು.

ಫ್ಲಾರೆನ್ಸ್ ನೈಟಿಂಗೇಲ್ ಕೂಡ ಇದೇ ಸಾಲಿನವರೇ?

ಹೌದು. ಕ್ರೈಮಿಯಾ ಯುದ್ಧದಲ್ಲಿ ಸೈನಿಕರು ಗಾಯಕ್ಕಿಂತ ಹೆಚ್ಚಾಗಿ ತಡೆಯಬಹುದಾಗಿದ್ದ ರೋಗಗಳಿಂದ ಸತ್ತರು ಎಂಬುದನ್ನು ಅವರು 1858ರಲ್ಲಿ ಹೂವಿನ ದಳದಂಥ ಚಿತ್ರದಲ್ಲಿ ತೋರಿಸಿದರು. ಕೋಷ್ಟಕ ಓದುವ ತಾಳ್ಮೆ ಇಲ್ಲದ ಮಂತ್ರಿಗಳಿಗೂ ರಾಣಿಗೂ ಅದು ತಲುಪಬೇಕಿತ್ತು. ಭಾರತದಲ್ಲಿದ್ದ ಸೈನ್ಯದ ನೈರ್ಮಲ್ಯ ಕುರಿತ 1863ರ ವರದಿಯ ಹಿಂದೆಯೂ ಅವರ ಕೆಲಸವಿದೆ.

ಹೆರಿಗೆ ಕೊಠಡಿಯ ಪಾರ್ಟೋಗ್ರಾಫ್ ಒಳ್ಳೆಯ ಗ್ರಾಫ್ ಎನ್ನುತ್ತಾರೆ. ಹಾಗಿದ್ದರೆ ಹೆರಿಗೆಯಾದ ಮೇಲೆ ಕೂತು ಅದನ್ನು ತುಂಬುತ್ತಾರೇಕೆ?

ಹೆರಿಗೆ ಹೇಗೆ ಮುಂದುವರಿಯುತ್ತಿದೆ ಎಂಬುದನ್ನು ಗಂಟೆಗಳ ಲೆಕ್ಕದಲ್ಲಿ ಗುರುತಿಸುವ ಹಾಳೆ ಪಾರ್ಟೋಗ್ರಾಫ್. ಪ್ರಶ್ನೆಗೆ ಉತ್ತರ ಬೇಕಾದರೆ ಅದರ ಹುಟ್ಟು ತಿಳಿದಿರಬೇಕು. 1954ರಲ್ಲಿ ಅಮೆರಿಕದ ವೈದ್ಯ ಇಮ್ಯಾನುಯೆಲ್ ಫ್ರೀಡ್‌ಮನ್ ಗರ್ಭಕೊರಳು ತೆರೆದುಕೊಳ್ಳುವುದನ್ನು ಗಂಟೆಗಳ ಎದುರು ಗೆರೆಯಾಗಿ ಬಿಡಿಸಿ ತೋರಿಸಿದರು. ಅದನ್ನು ನಿರ್ಧಾರದ ಸಾಧನವಾಗಿ ಮಾಡಿದವರು 1972ರಲ್ಲಿ ಈಗಿನ ಜಿಂಬಾಬ್ವೆಯಲ್ಲಿದ್ದ ಫಿಲ್ಪಾಟ್ ಮತ್ತು ಕ್ಯಾಸಲ್. ಅಲ್ಲಿ ದೂರದ ಹೆರಿಗೆ ಕೇಂದ್ರಗಳಲ್ಲಿ ಸೂಲಗಿತ್ತಿ ದಾದಿಯರೇ ಇದ್ದರು, ಡಾಕ್ಟರು ಇದ್ದದ್ದು ನಗರದ ಆಸ್ಪತ್ರೆಯಲ್ಲಿ. 'ಈ ತಾಯಿಯನ್ನು ಯಾವಾಗ ಕಳಿಸಬೇಕು?' ಎಂಬುದು ಅವರ ಮುಂದಿದ್ದ ಪ್ರಶ್ನೆ. ಹಾಗಾಗಿ ಕಾಗದದ ಮೇಲೆ ಎರಡು ಗೆರೆ ಎಳೆದರು. ಮೊದಲನೆಯದು ಎಚ್ಚರಿಕೆಯ ಗೆರೆ, ಅದನ್ನು ದಾಟಿದರೆ ಕಳಿಸುವ ಸಿದ್ಧತೆ. ನಾಲ್ಕು ಗಂಟೆಯಷ್ಟು ಬಲಕ್ಕೆ ಎರಡನೆಯದು, ಕ್ರಮ ಕೈಗೊಳ್ಳುವ ಗೆರೆ. ನಡುವಿನ ಆ ನಾಲ್ಕು ಗಂಟೆ ದಾರಿಗೆ, ಗಾಡಿಗೆ, ತಯಾರಿಗೆ ಇಟ್ಟ ಅವಕಾಶ. ಭೂಗೋಳವನ್ನೂ ಗ್ರಾಫಿನೊಳಗೆ ಸೇರಿಸಿದ ಈ ಜಾಣ್ಮೆಯ ಮುಂದೆ ನನಗೆ ಇವತ್ತಿಗೂ ಕೈಮುಗಿಯಬೇಕೆನಿಸುತ್ತದೆ.

ವಿಶ್ವ ಆರೋಗ್ಯ ಸಂಸ್ಥೆ ಇಂಡೊನೇಷ್ಯಾ, ಮಲೇಷ್ಯಾ, ಥಾಯ್ಲೆಂಡ್‌ಗಳಲ್ಲಿ 35,484 ಹೆರಿಗೆಗಳಲ್ಲಿ ಇದನ್ನು ಪರೀಕ್ಷಿಸಿ 1994ರಲ್ಲಿ ಫಲಿತಾಂಶ ಪ್ರಕಟಿಸಿತು. ವಿಪರೀತ ಎಳೆದಾಡಿದ ಹೆರಿಗೆಗಳು ಶೇ 6.4ರಿಂದ ಶೇ 3.4ಕ್ಕೆ ಇಳಿದವು.

ಇನ್ನು ನಿಮ್ಮ ಪ್ರಶ್ನೆ. ಒಂದು ಆಸ್ಪತ್ರೆಯ ಹೆರಿಗೆ ಕೊಠಡಿಯಲ್ಲಿ ನಾನು ಒಂದು ರಾತ್ರಿ ಕೂತಿದ್ದೆ. ಒಬ್ಬರೇ ಸ್ಟಾಫ್ ನರ್ಸ್, ನೋವು ತಿನ್ನುತ್ತಿದ್ದ ಮೂವರು ತಾಯಂದಿರು. ಕೈಗೆ ಗ್ಲೌಸ್ ಹಾಕಿಕೊಂಡು ಪರೀಕ್ಷಿಸಿ, ಗ್ಲೌಸ್ ತೆಗೆದು, ಕೈ ತೊಳೆದು, ಮೇಜಿನ ತನಕ ನಡೆದು, ಸಣ್ಣ ಸಣ್ಣ ಚೌಕದಲ್ಲಿ ಗುರುತು ಹಾಕುವಷ್ಟರಲ್ಲಿ ಪಕ್ಕದ ಮಂಚದಿಂದ ಕೂಗು. ಬೆಳಗಿನ ಜಾವ ಐದಕ್ಕೆ ಅವರು ಮೂರೂ ಹಾಳೆಗಳನ್ನು ಒಟ್ಟಿಗೆ ತುಂಬಿದರು. ಹಾಳೆ ಖಾಲಿ ಇದ್ದರೆ ನಾಳೆ ಕೇಳುವವರಿದ್ದಾರೆ. ರಾತ್ರಿ ಎರಡಕ್ಕೆ ಆ ಗೆರೆ ನೋಡಿ ಅವರ ಜತೆ ಆಲೋಚಿಸುವವರು ಯಾರೂ ಇರಲಿಲ್ಲ. ನಿರ್ಧಾರಕ್ಕೆಂದು ಹುಟ್ಟಿದ ಚಿತ್ರ ದಾಖಲೆಗೆಂದು ಉಳಿದುಕೊಂಡಾಗ ಹೀಗಾಗುತ್ತದೆ. ತಪ್ಪು ಆ ನರ್ಸ್‌ದಲ್ಲ.

ಗರ್ಭಕೊರಳು ಗಂಟೆಗೆ ಒಂದು ಸೆಂಟಿಮೀಟರ್ ತೆರೆದುಕೊಳ್ಳಬೇಕು ಎಂಬ ಎಚ್ಚರಿಕೆಯ ಗೆರೆ ಬಹಳಷ್ಟು ತಾಯಂದಿರಿಗೆ ಹೊಂದುವುದಿಲ್ಲ ಎಂದು ವಿಶ್ವ ಆರೋಗ್ಯ ಸಂಸ್ಥೆಯೇ 2018ರಲ್ಲಿ ಹೇಳಿತು. 2020ರಲ್ಲಿ ಬಂದ ಹೊಸ ಹೆರಿಗೆ ಆರೈಕೆ ಮಾರ್ಗದರ್ಶಿಯಲ್ಲಿ ಆ ಓರೆ ಗೆರೆ ಇಲ್ಲ. ತಾಯಿಯ ಜತೆ ಯಾರಾದರೂ ಇದ್ದಾರೆಯೇ, ನೀರು ಕುಡಿದಿದ್ದಾರೆಯೇ ಎಂಬುದಕ್ಕೂ ಅದರಲ್ಲಿ ಜಾಗವಿದೆ. ಒಳ್ಳೆಯ ಬದಲಾವಣೆ. ಆದರೆ ಕೊಠಡಿಯಲ್ಲಿ ಒಬ್ಬರೇ ಇರುವ ತನಕ ಹೊಸ ಹಾಳೆಗೂ ಹಳೆಯ ಗತಿಯೇ ಬರಬಹುದು.

ಕೆಂಪು, ಹಳದಿ, ಹಸಿರು ಕೊಟ್ಟರೆ ಎಲ್ಲರಿಗೂ ಅರ್ಥವಾಗುತ್ತದೆ, ಅಲ್ಲವೇ?

ಬೇಗ ಅರ್ಥವಾಗುತ್ತದೆ, ಸರಿಯಾಗಿ ಅರ್ಥವಾಗುತ್ತದೆ ಎಂದೇನಲ್ಲ. ಮಗುವಿನ ತೋಳು ಅಳೆಯುವ ಪಟ್ಟಿ ನೋಡಿ. 6ರಿಂದ 59 ತಿಂಗಳ ಮಕ್ಕಳಲ್ಲಿ ತೋಳಿನ ಸುತ್ತಳತೆ 11.5 ಸೆಂ.ಮೀ.ಗಿಂತ ಕಡಿಮೆ ಇದ್ದರೆ ಕೆಂಪು, ಅಲ್ಲಿಂದ 12.5ರ ತನಕ ಹಳದಿ, ಮೇಲೆ ಹಸಿರು. ನೈಜರ್ ದೇಶದಲ್ಲಿ ಈ ಪಟ್ಟಿಯನ್ನು ತಾಯಂದಿರ ಕೈಗೇ ಕೊಟ್ಟು ಮನೆಯಲ್ಲೇ ಅಳೆಯಲು ಕಲಿಸಿದಾಗ ತೀವ್ರ ಅಪೌಷ್ಟಿಕ ಮಕ್ಕಳು ಮೊದಲಿಗಿಂತ ಬೇಗ ಪತ್ತೆಯಾದರು. ಆಸ್ಪತ್ರೆಗೆ ಸೇರಿಸಬೇಕಾದ ಪ್ರಸಂಗಗಳೂ ಕಡಿಮೆಯಾದವು.

ಆದರೆ ಕೆಂಪಿನ ಗೆರೆ 2009ರ ಮೊದಲು 11 ಸೆಂ.ಮೀ.ನಲ್ಲಿತ್ತು. ಅದನ್ನು 11.5ಕ್ಕೆ ಸರಿಸಿದ ದಿನ ಯಾವ ಮಗುವಿನ ತೋಳೂ ಸಣ್ಣದಾಗಲಿಲ್ಲ, ಆದರೂ ಚಿಕಿತ್ಸೆಗೆ ಅರ್ಹರಾದ ಮಕ್ಕಳ ಸಂಖ್ಯೆ ಏರಿತು. ಗೆರೆಯನ್ನು ಎಲ್ಲಿ ಎಳೆಯಬೇಕೆಂಬುದು ಮನುಷ್ಯರು ಮಾಡುವ ನಿರ್ಧಾರ, ಅದರ ಹಿಂದೆ ಆಹಾರ, ಔಷಧಿ, ಹಣದ ಲೆಕ್ಕವಿರುತ್ತದೆ.

ಆಫ್ರಿಕಾದ ರಾಷ್ಟ್ರ ನಾಯಕರ ಮಲೇರಿಯಾ ಒಕ್ಕೂಟ, ಅಲ್ಮಾ, ಹುಟ್ಟಿದ್ದು 2009ರಲ್ಲಿ. ಅದರ ಅಂಕಪಟ್ಟಿಯೂ ಇದೇ ಮೂರು ಬಣ್ಣಗಳದು. ದೇಶಗಳನ್ನು ಒಂದರ ಕೆಳಗೊಂದು ಇಟ್ಟು ಸೊಳ್ಳೆಪರದೆ, ಔಷಧಿ, ಹಣಕಾಸು ಎಂದು ಒಂದೊಂದು ಅಂಕಣ. ಅಧ್ಯಕ್ಷರೊಬ್ಬರು ಒಂದು ನಿಮಿಷದಲ್ಲಿ ತಮ್ಮ ದೇಶದ ಕೆಂಪು ಚೌಕ ಕಂಡುಕೊಳ್ಳಬಲ್ಲರು. ಅಂಥ ಓದುಗರಿಗೆ ಅದು ಸರಿಯಾದ ಚಿತ್ರ. ಅದನ್ನೇ ಒಂದು ಪಿಎಚ್‌ಸಿಯ ಗೋಡೆಗೆ ಹಚ್ಚಿದರೆ ಕೆಂಪು ಎಂದರೆ ಬೈಗುಳ ಎಂದಾಗುತ್ತದೆ. ಬೈಗುಳ ತಪ್ಪಿಸಿಕೊಳ್ಳುವ ಸುಲಭ ದಾರಿ ಅಂಕಿ ತಿದ್ದುವುದು. ಕೆಂಪು ಬಂದವರಿಗೆ ಮೊದಲು ನೆರವು ಹೋಗುತ್ತದೆ ಎಂಬ ನಂಬಿಕೆ ಹುಟ್ಟಿದ ಮೇಲಷ್ಟೇ ಬಣ್ಣ ಬಳಸಿ ಎಂದು ನಾನು ಹೇಳುತ್ತೇನೆ.

ಇನ್ನೊಂದು ಮಾತು: ಕೆಂಪು ಹಸಿರಿನ ವ್ಯತ್ಯಾಸ ಕಾಣದ ಗಂಡಸರು ಎಲ್ಲ ಕಚೇರಿಗಳಲ್ಲೂ ಇರುತ್ತಾರೆ, ಹೇಳಿಕೊಳ್ಳುವುದಿಲ್ಲ. ಪ್ರಿಂಟೌಟ್ ಹೇಗೂ ಕಪ್ಪು ಬಿಳುಪು. ಬಣ್ಣದ ಜತೆ ಅಂಕಿಯನ್ನೋ ಗುರುತನ್ನೋ ಬರೆಯಿರಿ.

ಜಿಲ್ಲಾವಾರು ನಕ್ಷೆಗೆ ಬಣ್ಣ ತುಂಬಿ ತೋರಿಸುವುದು ಸರಿಯೇ?

ನಕ್ಷೆಯಲ್ಲಿ ಕಣ್ಣು ಸೆಳೆಯುವುದು ನೆಲ, ರೋಗ ಬರುವುದು ಜನಕ್ಕೆ. 2011ರ ಜನಗಣತಿಯಂತೆ ಉತ್ತರ ಕನ್ನಡದಲ್ಲಿ ಇದ್ದವರು 14 ಲಕ್ಷ ಚಿಲ್ಲರೆ, ಬೆಂಗಳೂರು ನಗರ ಜಿಲ್ಲೆಯಲ್ಲಿ 96 ಲಕ್ಷ. ನಕ್ಷೆಯಲ್ಲಿ ಮಾತ್ರ ಉತ್ತರ ಕನ್ನಡ ಬೆಂಗಳೂರಿನ ನಾಲ್ಕೂವರೆ ಪಟ್ಟು ದೊಡ್ಡದು. ಹಾಗಾಗಿ ಜನಸಂಖ್ಯೆಗೆ ಇಷ್ಟು ಎಂಬ ಪ್ರಮಾಣವನ್ನು ತೋರಿಸಿ, ಪಕ್ಕದಲ್ಲಿ ಒಟ್ಟು ಸಂಖ್ಯೆಯ ಪಟ್ಟಿ ಕಂಬಗಳನ್ನೂ ಇಡಿ. ಜಾಗದಿಂದಲೇ ನಿರ್ಧಾರ ಆಗುವಂತಿದ್ದರೆ ಮಾತ್ರ ನಕ್ಷೆ ಬೇಕು.

ಮಂಗನ ಕಾಯಿಲೆ ಅಂಥದ್ದು. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಪತ್ತೆಯಾದ ಈ ಜ್ವರದಲ್ಲಿ ಸತ್ತ ಮಂಗವೇ ಮೊದಲ ಸುಳಿವು. ಮಂಗ ಬಿದ್ದ ಜಾಗದ ಸುತ್ತ 50 ಮೀಟರ್, ಕಾಯಿಲೆ ಹರಡುವ ಉಣ್ಣೆ ಹುಳು ಸಾಯುವ ಪುಡಿ ಎರಚುತ್ತಾರೆ, ಅಂದರೆ ಇಲ್ಲಿ ನಕ್ಷೆಯ ಚುಕ್ಕೆಯೇ ಕೆಲಸದ ಆದೇಶ. ಆ ಸುದ್ದಿ ತರುವವರು ದರಗೆಲೆಗೆ, ಸೌದೆಗೆ, ದನ ಹುಡುಕಲು ಕಾಡಿಗೆ ಹೋಗುವವರು. ಬ್ರಿಟನ್ ಮತ್ತು ಭಾರತದ ಸಂಶೋಧಕರು ಇತ್ತೀಚಿನ ವರ್ಷಗಳಲ್ಲಿ ಆರೋಗ್ಯ, ಪಶುವೈದ್ಯ, ಅರಣ್ಯ ಇಲಾಖೆಯವರನ್ನು ಒಟ್ಟಿಗೆ ಕೂರಿಸಿಕೊಂಡು ಈ ಕಾಯಿಲೆಯ ಅಪಾಯ ನಕ್ಷೆ ರೂಪಿಸಿದ್ದು ನನಗೆ ಮೆಚ್ಚಿಗೆಯಾದ ಕೆಲಸ.

ಅಂಕಿಅಂಶದಲ್ಲೇ ಇಲ್ಲದವರನ್ನು ಚಿತ್ರದಲ್ಲಿ ತೋರಿಸುವುದು ಹೇಗೆ?

ಈ ಕ್ಷೇತ್ರದ ಅತ್ಯಂತ ಕಷ್ಟದ ಪ್ರಶ್ನೆ ಇದು. ಉತ್ತರ ನೈಜೀರಿಯಾದಲ್ಲಿ ಪೋಲಿಯೊ ಲಸಿಕೆ ತಂಡಗಳು ಕೈಯಲ್ಲಿ ಬರೆದ ನಕ್ಷೆ ಹಿಡಿದು ಹೋಗುತ್ತಿದ್ದವು. ವರದಿಯಲ್ಲಿ ಎಲ್ಲ ಮಕ್ಕಳಿಗೂ ಹನಿ ಬಿದ್ದಿತ್ತು, ಆದರೂ ಪೋಲಿಯೊ ನಿಂತಿರಲಿಲ್ಲ. ಉಪಗ್ರಹ ಚಿತ್ರದಿಂದ ಹೊಸ ನಕ್ಷೆ ಮಾಡಿ, 2012ರಿಂದ ತಂಡಗಳ ಕೈಗೆ ಜಿಪಿಎಸ್ ಇರುವ ಫೋನ್ ಕೊಟ್ಟಾಗ ಯಾವ ಪಟ್ಟಿಯಲ್ಲೂ ಹೆಸರಿಲ್ಲದ ಹಟ್ಟಿಗಳು, ಎರಡು ತಂಡಗಳ ಗಡಿಯಲ್ಲಿ ಬಿಟ್ಟುಹೋದ ಊರುಗಳು ಎದ್ದು ಕಂಡವು. ಅಂದಂದಿನ ಸಂಜೆ ನಕ್ಷೆ ನೋಡಿ ಬಿಟ್ಟುಹೋದ ಕಡೆ ಮತ್ತೆ ಹೋಗುವುದು ಸಾಧ್ಯವಾಯಿತು. 2020ರ ಆಗಸ್ಟ್ 25ರಂದು ಆಫ್ರಿಕಾ ವಲಯ ಕಾಡು ಪೋಲಿಯೊ ವೈರಸ್ಸಿನಿಂದ ಮುಕ್ತವೆಂದು ಘೋಷಿತವಾದದ್ದರ ಹಿಂದೆ ಈ ಕೆಲಸವೂ ಇದೆ.

ನಮ್ಮ ದೇಶದಲ್ಲಿ ಅದೇ ಕೆಲಸವನ್ನು ಸೀಮೆಸುಣ್ಣ ಮಾಡಿತು. ಮನೆಯ ಬಾಗಿಲ ಮೇಲೆ 'ಪಿ' ಎಂದಿದ್ದರೆ ಆ ಮನೆಯ ಮಕ್ಕಳಿಗೆಲ್ಲ ಹನಿ ಆಗಿದೆ, 'ಎಕ್ಸ್' ಎಂದಿದ್ದರೆ ಉಳಿದಿದೆ. ಬೀಗ ಹಾಕಿತ್ತೇ, ಬೇಡವೆಂದರೇ ಎಂಬುದನ್ನೂ ಬರೆದಿಡುತ್ತಿದ್ದರು. ಎಕ್ಸ್ ಅನ್ನು ಪಿ ಮಾಡುವುದು ಎಂಬ ಮಾತೇ ಹುಟ್ಟಿಕೊಂಡಿತ್ತು. ಮರುದಿನ ಬಂದ ಮೇಲ್ವಿಚಾರಕರು ಬೀದಿಯಲ್ಲಿ ನಡೆದು ಹೋದರೆ ಸಾಕು, ಬೀದಿಯೇ ಡ್ಯಾಶ್‌ಬೋರ್ಡ್. 2011ರ ಜನವರಿ 13ರಂದು ಹೌರಾದಲ್ಲಿ ಪತ್ತೆಯಾದ ಪ್ರಕರಣವೇ ಭಾರತದ ಕೊನೆಯ ಕಾಡು ಪೋಲಿಯೊ ಪ್ರಕರಣವಾಯಿತು.

ಡ್ಯಾಶ್‌ಬೋರ್ಡ್ ಮಾಡಿಕೊಟ್ಟಿದ್ದೇವೆ, ಯಾರೂ ತೆರೆಯುವುದಿಲ್ಲ. ಏನು ಮಾಡೋಣ?

ಯಾರಿಗಾಗಿ ಮಾಡಿದಿರಿ? 'ಎಲ್ಲರಿಗೂ' ಎಂದರೆ ಸಮಸ್ಯೆ ಅಲ್ಲೇ ಇದೆ. ಒಂದು ಜಿಲ್ಲೆಯಲ್ಲಿ ಲಸಿಕೆ ಕಾರ್ಯಕ್ರಮಕ್ಕೆ ದೊಡ್ಡ ಡ್ಯಾಶ್‌ಬೋರ್ಡ್ ಇತ್ತು, ಪಾಸ್‌ವರ್ಡ್ ನೆನಪಿದ್ದವರು ಇಬ್ಬರೇ. ಅಲ್ಲಿನ ಅಧಿಕಾರಿ ಸೋಮವಾರ ಬೆಳಿಗ್ಗೆ ಸಭೆಗೆ ಹೋಗುವಾಗ ಜೀಪಿನಲ್ಲಿ ವಾಟ್ಸ್‌ಆ್ಯಪ್ ನೋಡುತ್ತಿದ್ದರು. ಹಿಂದಿನ ವಾರ ಲಸಿಕೆ ದಿನ ನಡೆಯದ ಉಪಕೇಂದ್ರಗಳು ಯಾವುವು, ಏಕೆ ನಡೆಯಲಿಲ್ಲ, ಯಾರಿಗೆ ಫೋನ್ ಮಾಡಬೇಕು ಎಂಬ ಒಂದೇ ಪುಟದ ಚಿತ್ರ ಆ ಹೊತ್ತಿಗೆ ಹೋಗುವಂತೆ ಮಾಡಿದೆವು. ಸಭೆಯಲ್ಲಿ ಮಾತು ಬದಲಾಯಿತು.

ಆರೋಗ್ಯದ ಅಂಕಿಅಂಶ ಕೂಡಿಸಿ ತೋರಿಸುವ ಡಿಎಚ್‌ಐಎಸ್-2 ಎಂಬ ಮುಕ್ತ ತಂತ್ರಾಂಶ ಇವತ್ತು 70ಕ್ಕೂ ಹೆಚ್ಚು ದೇಶಗಳಲ್ಲಿ ಬಳಕೆಯಲ್ಲಿದೆ. ಬೇರು ವರ್ಣಭೇದ ಮುಗಿದ ಮೇಲಿನ ದಕ್ಷಿಣ ಆಫ್ರಿಕಾದಲ್ಲಿ, ಈಗಿನ ಪೋಷಣೆ ನಾರ್ವೆಯ ಓಸ್ಲೊ ವಿಶ್ವವಿದ್ಯಾಲಯದ್ದು, ಈ ಎರಡನೆಯ ಆವೃತ್ತಿ 2006ರಲ್ಲಿ ಮೊದಲು ಬಳಕೆಗೆ ಬಂದದ್ದು ನಮ್ಮ ನೆರೆಯ ಕೇರಳದಲ್ಲಿ. ಸಾಧನದ ಕೊರತೆ ಇಲ್ಲ. ಜಾಂಬಿಯಾದಲ್ಲಿ 2015ರಿಂದ ಮಲೇರಿಯಾ ಅಂಕಿಅಂಶವನ್ನು ಚಿತ್ರವಾಗಿಸುವ ಕೆಲಸ ನಡೆದಾಗಲೂ ಅಲ್ಲಿನ ಜಿಲ್ಲೆಯ ಆರೋಗ್ಯ ಸಿಬ್ಬಂದಿಗೇ ಅದನ್ನು ಓದಲು, ಬಳಸಲು ಕಲಿಸಿದರು.

ಖಾಲಿ ಮತ್ತು ಸೊನ್ನೆಯನ್ನು ಮಾತ್ರ ಬೇರೆ ಬೇರೆಯಾಗಿ ತೋರಿಸಿ. 'ಪ್ರಕರಣ ಇಲ್ಲ' ಎಂಬುದೂ 'ವರದಿ ಬಂದಿಲ್ಲ' ಎಂಬುದೂ ಒಂದೇ ಬಿಳಿ ಚೌಕವಾದರೆ ಎಲ್ಲಕ್ಕಿಂತ ಹಿಂದುಳಿದ ಕೇಂದ್ರ ಎಲ್ಲಕ್ಕಿಂತ ಆರೋಗ್ಯವಾಗಿ ಕಾಣುತ್ತದೆ.

ಅನಿಶ್ಚಿತತೆಯನ್ನು ತೋರಿಸಿದರೆ ಅಧಿಕಾರಿಗಳು ಗೊಂದಲಕ್ಕೆ ಬೀಳುವುದಿಲ್ಲವೇ?

ತೋರಿಸದಿದ್ದರೆ ತಪ್ಪು ನಿರ್ಧಾರಕ್ಕೆ ಬೀಳುತ್ತಾರೆ. ಒಂದು ತಾಲ್ಲೂಕಿನಲ್ಲಿ ಕಳೆದ ವರ್ಷ 2 ತಾಯಂದಿರ ಸಾವು, ಈ ವರ್ಷ 4 ಎಂದುಕೊಳ್ಳಿ. 'ದುಪ್ಪಟ್ಟಾಯಿತು' ಎಂಬ ಗ್ರಾಫ್ ನೋಟಿಸಿಗೆ ದಾರಿ. ಸಂಖ್ಯೆ ಇಷ್ಟು ಸಣ್ಣದಿದ್ದಾಗ ಏರಿಳಿತ ಆಕಸ್ಮಿಕವೂ ಇರಬಹುದು. ದೇಶದ ಜನನ ಮರಣಗಳನ್ನು ಸಮೀಕ್ಷೆಯಿಂದ ಅಂದಾಜಿಸುವ ಸರ್ಕಾರದ ಮಾದರಿ ನೋಂದಣಿ ವ್ಯವಸ್ಥೆ ತಾಯಂದಿರ ಮರಣ ಪ್ರಮಾಣವನ್ನು ಮೂರು ವರ್ಷ ಕೂಡಿಸಿ ಕೊಡುವುದು ಇದಕ್ಕೇ. 2018–20ರ ಅವಧಿಗೆ ಕರ್ನಾಟಕದ ಅಂಕಿ ಲಕ್ಷ ಜೀವಂತ ಜನನಕ್ಕೆ 69, ಭಾರತದ್ದು 97. ತಾಲ್ಲೂಕು ಮಟ್ಟದಲ್ಲಿ ಪ್ರಮಾಣದ ಗ್ರಾಫ್ ಬೇಡ. ಆ ನಾಲ್ಕೂ ತಾಯಂದಿರಿಗೆ ಏನಾಯಿತು, ಎಲ್ಲಿ ತಡವಾಯಿತು, ಆಂಬುಲೆನ್ಸ್ ಎಷ್ಟಕ್ಕೆ ಬಂತು, ರಕ್ತ ಸಿಕ್ಕಿತೇ ಎಂದು ಒಂದೊಂದಾಗಿ ಕಾಲರೇಖೆಯ ಮೇಲೆ ಇಟ್ಟು ನೋಡಿ.

ಕೋವಿಡ್ ಕಾಲದ ಗ್ರಾಫ್‌ಗಳಿಂದ ಏನು ಕಲಿತೆವು?

ಜಾನ್ಸ್ ಹಾಪ್‌ಕಿನ್ಸ್ ವಿಶ್ವವಿದ್ಯಾಲಯದ ಕಪ್ಪು ನಕ್ಷೆ 2020ರ ಜನವರಿ 22ರಂದು ಬಂತು. ಲಾರೆನ್ ಗಾರ್ಡ್‌ನರ್ ಮತ್ತು ಅವರ ತಂಡ ಸರ್ಕಾರಗಳಿಗಿಂತ ಮುಂಚೆ ಜಗತ್ತಿಗೆಲ್ಲ ಒಂದೇ ಕಡೆ ಲೆಕ್ಕ ಒದಗಿಸಿತು, ಅದು ದೊಡ್ಡ ಉಪಕಾರ. ಅದರ ಕೆಂಪು ವೃತ್ತಗಳು ಒಟ್ಟು ಸಂಖ್ಯೆಯವು, ದಿನ ಕಳೆದಂತೆ ಬೆಳೆಯುತ್ತಲೇ ಹೋದವು. ಭಯ ಹುಟ್ಟಿತು, ಏನು ಮಾಡಬೇಕೆಂದು ತಿಳಿಯಲಿಲ್ಲ.

ನಾನು ಕಲಿತದ್ದು ಕೊನೆಯ ಕೆಲವು ದಿನಗಳ ಬಗ್ಗೆ. ಲಕ್ಷಣ ಕಾಣಿಸಿದ ದಿನಾಂಕದ ಪ್ರಕಾರ ಗ್ರಾಫ್ ಹಾಕಿದರೆ ಬಲತುದಿ ಯಾವಾಗಲೂ ಇಳಿಯುತ್ತಿರುವಂತೆ ಕಾಣುತ್ತದೆ, ಏಕೆಂದರೆ ಮೊನ್ನೆ ಜ್ವರ ಬಂದವರ ವರದಿ ಇನ್ನೂ ಬಂದಿರುವುದಿಲ್ಲ. ಆ ಭಾಗವನ್ನು ಮಸುಕು ಬಣ್ಣದಲ್ಲಿ ತೋರಿಸಿ 'ವರದಿ ಬರಬೇಕಿದೆ' ಎಂದು ಅಲ್ಲೇ ಬರೆಯಿರಿ. ಕೆಳಗೆ ಅಡಿಟಿಪ್ಪಣಿಯಲ್ಲಿ ಹೇಳಿದರೆ ಯಾರೂ ಓದುವುದಿಲ್ಲ.

ಖಾಸಗಿತನದ ಬಗ್ಗೆ ಎಷ್ಟು ತಲೆಕೆಡಿಸಿಕೊಳ್ಳಬೇಕು?

ಬಹಳ. 2020ರ ಮಾರ್ಚ್‌ನಲ್ಲಿ ನಮ್ಮ ರಾಜ್ಯದಲ್ಲಿ ಕೋವಿಡ್‌ಗಾಗಿ ಮನೆಯಲ್ಲೇ ಕ್ವಾರಂಟೈನ್ ಆಗಿದ್ದವರ ವಿಳಾಸಗಳ ಪಟ್ಟಿ ಬಹಿರಂಗವಾಯಿತು. ಸಣ್ಣ ಊರಿನ ನಕ್ಷೆಯಲ್ಲಿ ಎಚ್‌ಐವಿಯ, ಕ್ಷಯದ ಒಂದು ಚುಕ್ಕೆ ಎಂದರೆ ಒಂದು ಮನೆಯ ಹೆಸರು ಬರೆದಂತೆಯೇ. ಚಿಕಿತ್ಸೆ ಕೊಡುವವರಿಗೆ ಮನೆ ಗೊತ್ತಿರಲಿ, ಗೋಡೆಯ ಮೇಲಿನ ನಕ್ಷೆಗೆ ಊರಿನ ಮಟ್ಟ ಸಾಕು.

ಚಿತ್ರಗಳನ್ನು ಕನ್ನಡದಲ್ಲೇ ಮಾಡಬೇಕೇ?

ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಗ್ರಾಮ ಪಂಚಾಯಿತಿ ಸದಸ್ಯರು ನೋಡುವುದಾದರೆ ಹೌದು, ಅದರಲ್ಲಿ ಮಾತೇ ಇಲ್ಲ. ಆದರೆ ಅವರಾಡುವ ಕನ್ನಡದಲ್ಲಿ. 'ಎಎನ್‌ಸಿ' ಎಂದು ಅವರೇ ದಿನವೂ ಹೇಳುವಾಗ 'ಪ್ರಸವಪೂರ್ವ ಆರೈಕೆ' ಎಂದು ಬರೆದರೆ ಒಂದು ಕ್ಷಣ ತಡೆದು ಯೋಚಿಸಬೇಕಾಗುತ್ತದೆ. ತಾಯಿ ಕಾರ್ಡ್ ಅನ್ನು ತಾಯಿ ಕಾರ್ಡ್ ಎಂದೇ ಕರೆಯಿರಿ. 'ಶೇ 12' ಎನ್ನುವುದಕ್ಕಿಂತ '100 ಮಕ್ಕಳಲ್ಲಿ 12 ಮಕ್ಕಳು' ಬೇಗ ಮನಸ್ಸಿಗೆ ಇಳಿಯುತ್ತದೆ, '25 ಮಕ್ಕಳಲ್ಲಿ 3' ಎಂದರೆ ಅಂಗನವಾಡಿಯೇ ಕಣ್ಣಮುಂದೆ ಬರುತ್ತದೆ. ತೂಕದ ಯಂತ್ರ, ಫೋನು, ರಿಜಿಸ್ಟರ್ ಎಲ್ಲದರಲ್ಲೂ 1, 2, 3 ಇರುವುದರಿಂದ ಅಂಕಿಗಳು ಹಾಗೇ ಇರಲಿ.

ಅಕ್ಷರದ ಕೆಲಸವೂ ಇದೆ. ಕನ್ನಡದ ಒತ್ತಕ್ಷರ ಸಾಲಿನಿಂದ ಕೆಳಗಿಳಿಯುತ್ತದೆ. ಇಂಗ್ಲಿಷಿಗೆ ಅಳೆದಿಟ್ಟ ಜಾಗದಲ್ಲಿ ಕೂರಿಸಿದರೆ ಒತ್ತು ಕತ್ತರಿಸಿಹೋಗಿ ಊರಿನ ಹೆಸರೇ ಬೇರೆಯಾಗುತ್ತದೆ. ಲಂಬ ಅಕ್ಷದ ಹೆಸರನ್ನು ಅಡ್ಡಡ್ಡ ತಿರುಗಿಸದೆ ಮೇಲ್ಗಡೆ ನೇರವಾಗಿ ಬರೆಯಿರಿ. ಪಿಡಿಎಫ್ ಮಾಡಿದ ಮೇಲೆ 'ಕ್ಷ', 'ಜ್ಞ', 'ಸ್ತ್ರೀ' ಒಡೆದಿವೆಯೇ ಎಂದು ಕಣ್ಣಾಡಿಸಿ. ಬಿಸಿಲಿನಲ್ಲಿ, ಒಡೆದ ಗಾಜಿನ ಅಗ್ಗದ ಫೋನಿನಲ್ಲಿ ಒಮ್ಮೆ ತೆರೆದು ನೋಡಿ.

ಮೊದಲ ಸಲ ಕ್ಷೇತ್ರಕ್ಕೆ ಹೋಗುತ್ತಿದ್ದೇನೆ. ಏನು ಕೇಳಲಿ?

'ನಿಮಗೆ ಎಂಥ ಡ್ಯಾಶ್‌ಬೋರ್ಡ್ ಬೇಕು?' ಎಂದು ಕೇಳಬೇಡಿ. ನೀವು ಕಚೇರಿಯವರು ಎಂದು ಕಂಡರೆ 'ಚೆನ್ನಾಗಿದೆ ಸಾರ್', 'ಚೆನ್ನಾಗಿದೆ ಮೇಡಂ' ಎಂಬ ಉತ್ತರವೇ ಬರುತ್ತದೆ. 'ಅಕ್ಕ, ನಿನ್ನೆ ಬೆಳಿಗ್ಗೆಯಿಂದ ಏನೇನು ಮಾಡಿದಿರಿ?' ಎಂದು ಶುರು ಮಾಡಿ. ಅವರ ಚೀಲದಲ್ಲಿರುವ ಸ್ವಂತ ಡೈರಿ ತೋರಿಸಲು ಒಪ್ಪಿದರೆ ನೋಡಿ. ಇಲಾಖೆ ಕೇಳದಿದ್ದರೂ ಅವರು ಬರೆದಿಟ್ಟುಕೊಂಡ ಅಂಕಿಗಳು ಅಲ್ಲಿರುತ್ತವೆ: ಯಾವ ಮನೆಯಲ್ಲಿ ಈ ವಾರ ಹೆರಿಗೆ ದಿನ, ಯಾವ ಸೊಸೆ ತವರಿಗೆ ಹೋಗಿದ್ದಾಳೆ, ಯಾರ ರಕ್ತ ಕಡಿಮೆ. ಒಬ್ಬ ಕಾರ್ಯಕರ್ತೆ ಹೀಗೆ ಮೂರು ಬಣ್ಣದ ಪೆನ್ನಿನಲ್ಲಿ ಇಟ್ಟಿದ್ದ ಪುಟವನ್ನು ನೋಡಿದ ಮೇಲೆ ನಾವು ಮಾಡಿಟ್ಟಿದ್ದ ಮಾದರಿಯನ್ನು ಬದಿಗಿಟ್ಟು, ಆ ಪುಟವನ್ನೇ ತೆರೆಯ ಮೇಲೆ ತಂದೆವು. ಅವರ ಒಪ್ಪಿಗೆ ಕೇಳಿ, ಅವರನ್ನೇ ಕೂರಿಸಿಕೊಂಡು.